1800ರ ಅಮೆರಿಕದ ಚುನಾವಣೆ: ಸಮಮತ ಬಂದಾಗ ಚೀಟಿ ಎತ್ತಲಿಲ್ಲವೇಕೆ?

ಬದಿಯಡ್ಕದ ಶಿಕ್ಷಕಿ:
ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. 1800ರ ಚುನಾವಣೆಯಲ್ಲಿ ಥಾಮಸ್ ಜೆಫರ್ಸನ್ ಮತ್ತು ಏರನ್ ಬರ್ ಇಬ್ಬರಿಗೂ ತಲಾ 73 ಮತ ಬಂದು, ಪ್ರತಿನಿಧಿ ಸಭೆಯು (ಅಮೆರಿಕದ ಸಂಸತ್ತಿನ ಕೆಳಮನೆ) 36ನೇ ಸುತ್ತಿನಲ್ಲಿ ಜೆಫರ್ಸನ್ ಅವರನ್ನು ಆರಿಸಿತೆಂದು ಹೇಳಿದಾಗ, ಒಬ್ಬ ವಿದ್ಯಾರ್ಥಿನಿ, "ನಮ್ಮ ಪಂಚಾಯತಿನಲ್ಲಿ ಸಮ ಬಂದರೆ ಚೀಟಿ ಎತ್ತುತ್ತಾರಲ್ಲ ಟೀಚರ್, ಅವರೇಕೆ ಎತ್ತಲಿಲ್ಲ?" ಎಂದು ಕೇಳಿದಳು. ಇಬ್ಬರೂ ಒಂದೇ ಪಕ್ಷದವರಾಗಿದ್ದೂ ಸಮಮತ ಬಂದದ್ದು ಹೇಗೆಂಬುದನ್ನೂ ಅವಳಿಗೆ ಸರಿಯಾಗಿ ತಿಳಿಸಬೇಕಾಗಿದೆ.

ಅಕ್ಕಲಕೋಟೆಯ ನಿವೃತ್ತ ಅಧ್ಯಾಪಕ:
ಟೀಚರ್, ಎರಡನೆಯ ಪ್ರಶ್ನೆಯಿಂದಲೇ ತೊಡಗುವುದು ಒಳ್ಳೆಯದು. ಆಗಿನ ಸಂವಿಧಾನದಂತೆ, ಅಧ್ಯಕ್ಷನನ್ನು ಆರಿಸಲು ರಾಜ್ಯಗಳು ನೇಮಿಸುತ್ತಿದ್ದ ಪ್ರತಿಯೊಬ್ಬ ಎಲೆಕ್ಟರನಿಗೆ ಎರಡು ಮತಗಳಿದ್ದವು; ಹೆಚ್ಚು ಮತ ಪಡೆದವನು ಅಧ್ಯಕ್ಷ, ಅವನ ನಂತರದವನು ಉಪಾಧ್ಯಕ್ಷ. ಇದು ಅಧ್ಯಕ್ಷನಿಗೆ, ಇದು ಉಪಾಧ್ಯಕ್ಷನಿಗೆ ಎಂದು ಗುರುತಿಸುವ ಅವಕಾಶವಿರಲಿಲ್ಲ. ಬರ್ ಅವರನ್ನು ಪಕ್ಷವು ಉಪಾಧ್ಯಕ್ಷ ಸ್ಥಾನಕ್ಕೆಂದೇ ನಿಲ್ಲಿಸಿದ್ದರೂ, ಯಾರಾದರೊಬ್ಬ ಎಲೆಕ್ಟರ್ ತನ್ನ ಎರಡನೆಯ ಮತವನ್ನು ಬೇರೆಯವರಿಗೆ ಹಾಕಿ ಅವರನ್ನು ಒಂದು ಮತ ಹಿಂದಿಡಬೇಕಿತ್ತು. ಎದುರಾಳಿ ಫೆಡರಲಿಸ್ಟರು ಈ ಎಚ್ಚರ ವಹಿಸಿದ್ದರು: ಆಗಿನ ಅಧ್ಯಕ್ಷ ಜಾನ್ ಆಡಮ್ಸ್‌ಗೆ 65, ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಪಿಂಕ್ನಿಗೆ 64, ಉಳಿದ ಒಂದು ಮತ ಜಾನ್ ಜೇಗೆ. ಎಲೆಕ್ಟರುಗಳು ಒಂದೆಡೆ ಸೇರದೆ, ಒಂದೇ ದಿನ ತಂತಮ್ಮ ರಾಜ್ಯಗಳಲ್ಲೇ ಮತ ಹಾಕುತ್ತಿದ್ದುದರಿಂದಲೂ, ಸುದ್ದಿಯು ಕುದುರೆಯ ವೇಗದಲ್ಲಿ ಸಾಗುತ್ತಿದ್ದ ಕಾಲವಾದುದರಿಂದಲೂ, ಜೆಫರ್ಸನ್ ಪಕ್ಷಕ್ಕೆ ಆ ಒಂದು ಮತವನ್ನು ತಪ್ಪಿಸುವ ಹೊಂದಾಣಿಕೆ ಸಾಧ್ಯವಾಗಲಿಲ್ಲ. ದೋಷ ಮುಖ್ಯವಾಗಿ ನಿಯಮದ್ದೆಂದು ನಾನು ತಿಳಿಯುತ್ತೇನೆ. 1804ರ ಹನ್ನೆರಡನೆಯ ತಿದ್ದುಪಡಿ ಎರಡು ಹುದ್ದೆಗಳ ಮತವನ್ನು ಬೇರ್ಪಡಿಸಿತು.

ತಾಳವಾಡಿಯ ವಕೀಲ:
ಚೀಟಿಯ ವಿಷಯಕ್ಕೆ ಬರುತ್ತೇನೆ. ಸಮಮತ ಬಂದರೆ ಪ್ರತಿನಿಧಿ ಸಭೆಯೇ ಆರಿಸಬೇಕೆಂದು ಸಂವಿಧಾನ ಸ್ಪಷ್ಟವಾಗಿ ಹೇಳಿತ್ತು. ಆದರೆ ಅಲ್ಲಿ ಸದಸ್ಯನಿಗೊಂದು ಮತವಲ್ಲ, ರಾಜ್ಯಕ್ಕೊಂದು ಮತ. ಆಗಿದ್ದ 16 ರಾಜ್ಯಗಳಲ್ಲಿ ಗೆಲ್ಲಲು 9 ಬೇಕಿತ್ತು. 35 ಸುತ್ತುಗಳಲ್ಲೂ ಜೆಫರ್ಸನ್‌ಗೆ 8, ಬರ್‌ಗೆ 6 ಸಿಕ್ಕಿದವು. ವರ್ಮಂಟ್ ಮತ್ತು ಮೇರಿಲ್ಯಾಂಡ್ ಪ್ರತಿನಿಧಿಗಳು ತಮ್ಮೊಳಗೇ ಸಮನಾಗಿ ಒಡೆದಿದ್ದರು. 19 ಸದಸ್ಯರಿದ್ದ ವರ್ಜೀನಿಯಕ್ಕೂ, ಜೇಮ್ಸ್ ಬೇಯಾರ್ಡ್ ಎಂಬ ಒಬ್ಬನೇ ಸದಸ್ಯನಿದ್ದ ಡೆಲವೇರ್‌ಗೂ ಒಂದೇ ತೂಕ. 1801ರ ಮಾರ್ಚ್ 4ಕ್ಕೆ ಆಡಮ್ಸ್ ಅವರ ಅವಧಿ ಮುಗಿಯುತ್ತಿತ್ತು. ಬರ್ ಅವರನ್ನು ಬೆಂಬಲಿಸುತ್ತಿದ್ದ ಫೆಡರಲಿಸ್ಟ್ ಬೇಯಾರ್ಡ್, ದೇಶ ಅಧ್ಯಕ್ಷನಿಲ್ಲದೆ ಉಳಿಯಬಾರದೆಂದು ಹಿಂದೆ ಸರಿದ ಮೇಲೆ, ಫೆಬ್ರವರಿ 17ರಂದು ಒಡೆದಿದ್ದ ಆ ಎರಡು ರಾಜ್ಯಗಳಲ್ಲಿ ಫೆಡರಲಿಸ್ಟರು ಮತ ಹಾಕದೆ ಉಳಿದರು. ಜೆಫರ್ಸನ್ ಅವರ 8 ರಾಜ್ಯಗಳು 10 ಆದವು. ಜೆಫರ್ಸನ್ ಕೆಲವು ಭರವಸೆ ಕೊಟ್ಟಿದ್ದರೆಂದು ಬೇಯಾರ್ಡ್ ಮುಂದೆ ಹೇಳಿದರು, ಜೆಫರ್ಸನ್ ನಿರಾಕರಿಸಿದರು.

ಆದೋನಿಯ ಓದುಗ:
73 ಎಂಬ ಅಂಕಿಯನ್ನು ಹೇಳುವಾಗ ಇನ್ನೊಂದನ್ನೂ ದಯವಿಟ್ಟು ಹೇಳಿರಿ. ಮತವೇ ಇಲ್ಲದ ಗುಲಾಮರನ್ನು ಐವರಿಗೆ ಮೂವರಂತೆ ಜನಸಂಖ್ಯೆಗೆ ಸೇರಿಸಿದ್ದರಿಂದ ದಕ್ಷಿಣದ ರಾಜ್ಯಗಳಿಗೆ ಹೆಚ್ಚಿನ ಎಲೆಕ್ಟರುಗಳು ದೊರೆತಿದ್ದರು. ಜೆಫರ್ಸನ್ ಮತ್ತು ಆಡಮ್ಸ್ ನಡುವೆ ಅಂತರವಿದ್ದದ್ದು 8 ಮತ ಮಾತ್ರ. ಆ ಎಣಿಕೆ ಇಲ್ಲದಿದ್ದರೆ ಆಡಮ್ಸ್ ಗೆಲ್ಲುತ್ತಿದ್ದರೆಂದು ಹಲವು ಇತಿಹಾಸಕಾರರು ವಾದಿಸಿದ್ದಾರೆ. ಮಕ್ಕಳಿಗೆ ಇದನ್ನು ಬಿಟ್ಟು ಕಲಿಸುವುದು ನ್ಯಾಯವಲ್ಲ.

ಬದಿಯಡ್ಕದ ಶಿಕ್ಷಕಿ:
ಮೂವರಿಗೂ ಕೃತಜ್ಞತೆಗಳು. ಸೋಮವಾರ ತರಗತಿಯನ್ನು 16 ರಾಜ್ಯಗಳಾಗಿ ಹಂಚಿ ಮತ ಹಾಕಿಸುತ್ತೇನೆ. ಪ್ರಶ್ನೆ ಕೇಳಿದವಳನ್ನು ಡೆಲವೇರ್‌ನಲ್ಲಿ ಒಬ್ಬಳನ್ನೇ ಕೂರಿಸುತ್ತೇನೆ.