ಲೆದರ್ ಕೋರಲ್ ಬೆಳೆಯುತ್ತಿದೆಯಾ ಇಲ್ವಾ, ಹೇಗೆ ನೋಡ್ತೀರಿ?

ಚಿಕ್ಕಮಗಳೂರಿನಿಂದ ಪ್ರಶ್ನೆ: ಮನೆಯಲ್ಲಿ ಮೂರು ಅಡಿಯ ಉಪ್ಪುನೀರಿನ ಟ್ಯಾಂಕ್ ಇದೆ. ಆರು ತಿಂಗಳ ಹಿಂದೆ ಅಣಬೆ ಆಕಾರದ ಲೆದರ್ ಕೋರಲ್ (ತೊಗಲಿನಂಥ ಮೈಯ ಮೆದು ಹವಳ) ತಂದೆ. ಮಧ್ಯಾಹ್ನ ಅಳೆದರೆ ಆರು ಇಂಚು, ರಾತ್ರಿ ಅಳೆದರೆ ನಾಲ್ಕು! ಪಕ್ಕದ ಕ್ಸೀನಿಯಾ ಅನ್ನೋ ಇನ್ನೊಂದು ಮೆದು ಹವಳ ಮಾತ್ರ ಕಳೆ ಥರ ಹಬ್ಬುತ್ತಿದೆ. ಸಾಕಿದವರು ಸ್ವಲ್ಪ ಹೇಳಿ.

ಮೂಡಿಗೆರೆ: ಸರ್, ಮೊದಲು ಆ ಟೇಪ್ ಒಳಗಿಡಿ. ಇಂಥ ಮೆದು ಹವಳ, ಅಂದರೆ ಸಾಫ್ಟ್ ಕೋರಲ್‌ಗೆ ಗಟ್ಟಿ ಹವಳದ ಹಾಗೆ ಕಲ್ಲಿನ ಗೂಡು ಇರುವುದಿಲ್ಲ, ಮೈಯೊಳಗೆ ಸಣ್ಣ ಸಣ್ಣ ಸುಣ್ಣದ ಚೂರು ಅಷ್ಟೇ, ಹಾಗಾಗಿ ನೀರು ತುಂಬಿಕೊಂಡರೆ ಉಬ್ಬುತ್ತದೆ, ಬಿಟ್ಟರೆ ಮುದುಡುತ್ತದೆ. ನಾನೂ ಒಂದು ವರ್ಷ ಅಗಲ ಬರೆದಿಟ್ಟುಕೊಂಡು ಮೋಸ ಹೋದವನೇ. ಈಗ ಬುಡ ನೋಡುತ್ತೇನೆ. ತಿಂಗಳಿಗೊಮ್ಮೆ, ಲೈಟ್ ಹಾಕಿ ನಾಲ್ಕು ಗಂಟೆ ಆದ ಮೇಲೆ, ಅದೇ ಜಾಗದಲ್ಲಿ ನಿಂತು, ಬುಡದ ಪಕ್ಕ ಸ್ಕೇಲ್ ಇಟ್ಟು ಒಂದು ಫೋಟೊ.

ಇನ್ನು ಕ್ಸೀನಿಯಾ ಜೊತೆ ಹೋಲಿಸಬೇಡಿ, ಅದು ಸಿಲ್ವರ್ ಓಕ್ ಪಕ್ಕ ಬೀಟೆ ಸಸಿ ಇಟ್ಟು ಬೈದ ಹಾಗೆ. ನಿಮ್ಮ ಲೆದರ್ ಸಾರ್ಕೊಫೈಟಾನ್ ಕುಲದ್ದಾಗಿದ್ದರೆ ಅದು ಸಮುದ್ರದಲ್ಲೂ ನಿಧಾನವೇ. ಮೈಯೊಳಗಿನ ಪಾಚಿ ಬೆಳಕಿನಲ್ಲಿ ಅಡುಗೆ ಮಾಡಿ ಬಡಿಸುತ್ತದೆ ನಿಜ, ಆದರೆ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಮೆದು ಹವಳಗಳ ಮೇಲೆ 1995ರಲ್ಲಿ ಬಂದ ಅಧ್ಯಯನ ನೋಡಿದರೆ ಎಷ್ಟೋ ಜಾತಿಗೆ ಆ ಅಡುಗೆ ಒಂದೇ ಸಾಲುವುದಿಲ್ಲ, ನೀರಿನಲ್ಲಿ ತೇಲಿ ಬಂದದ್ದನ್ನೂ ತಿನ್ನಬೇಕು. ಮುದುಡಿ ಕೂತರೆ ಅಡುಗೆಯೂ ಕಡಿಮೆ. ದಿನಕ್ಕೆ ಎಷ್ಟು ಹೊತ್ತು ಅರಳಿರುತ್ತದೆ ನೋಡಿ, ಅಗಲಕ್ಕಿಂತ ಅದು ಮುಖ್ಯ.

ಹಾಸನ: ಕ್ಸೀನಿಯಾ ತನ್ನ ಪುಟ್ಟ ಕೈಗಳನ್ನು ಮುಚ್ಚಿ ತೆರೆದು ಬಡಿಯುವುದೂ ಸುಮ್ನೆ ಅಲ್ಲ. ಅದರ ನಂಟ ಹೆಟೆರೋಕ್ಸೀನಿಯಾ ಮೇಲೆ ಕೆಂಪು ಸಮುದ್ರದಲ್ಲಿ ನಡೆದ ಕೆಲಸ 2013ರಲ್ಲಿ ಬಂತು. ಆ ಬಡಿತಕ್ಕೆ ಮೈಸುತ್ತ ನಿಂತ ಆಮ್ಲಜನಕ ಕೊಚ್ಚಿ ಹೋಗಿ ಪಾಚಿಯ ಕೆಲಸ ಚುರುಕಾಗುತ್ತದಂತೆ. ಲೆದರ್‌ಗೆ ಆ ವಿದ್ಯೆ ಇಲ್ಲ, ನೀರಿನ ಹರಿವು ನೀವೇ ಕೊಡಬೇಕು. ಮೇಣದಂಥ ಪೊರೆ ಬಂದು ವಾರ ಮುದುಡಿದರೆ ಹೆದರಬೇಡಿ, ಪೊರೆ ಬಿಡುತ್ತಿದೆ ಅಷ್ಟೇ. ನಾನು ಮೊದಲ ಸಲ ಸತ್ತೇಹೋಯಿತು ಅಂತ ಎತ್ತಿ ಎಸೆಯಲು ಹೊರಟಿದ್ದೆ.

ಕೊಪ್ಪ: ತೋಟ ಇರುವವರು ಒಂದು ಮಾತು ಕೇಳಿ ಮಾರಾಯ್ರೆ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತ ಕರಗಿಸಿದ ಬಕೆಟ್‌ನಲ್ಲೇ ಉಪ್ಪುನೀರು ಕಲಸಿದೆ. ಬೇರೆ ಯಾರೂ ಅಲ್ಲ, ನಾನೇ. ತೊಳೆದಿದ್ದೆ ಕೂಡ! ಮಾರನೇ ದಿನ ಸಿಗಡಿ ಹೋಯಿತು, ನಾಲ್ಕನೇ ದಿನಕ್ಕೆ ಲೆದರ್ ಕರಗಿ ಲೋಳೆ. ಮೈಲುತುತ್ತದಲ್ಲಿರುವ ತಾಮ್ರ ಇವಕ್ಕೆ ವಿಷ, ಚೂರು ಉಳಿದರೂ ಸಾಕು. ಟ್ಯಾಂಕಿನ ಬಕೆಟ್‌ಗೆ ಈಗ ಕೆಂಪು ಬಣ್ಣ ಬಳಿದು ಅಟ್ಟದ ಮೇಲೆ ಇಟ್ಟಿದ್ದೇನೆ, ಮನೆಯಲ್ಲಿ ಯಾರೂ ಮುಟ್ಟುವ ಹಾಗಿಲ್ಲ.

ಸಕಲೇಶಪುರ: ಮಳೆಗಾಲದ ಕರೆಂಟ್ ಮರೆತಿರಾ? ಪಂಪ್, ಹೀಟರ್ ಎರಡೂ ನಿಂತು ನೀರು ತಣ್ಣಗಾದರೆ ಮುದುಡದೆ ಏನು ಮಾಡುತ್ತದೆ? ನಾನು 25 ಡಿಗ್ರಿ ಹಿಡಿದುಕೊಂಡಿದ್ದೇನೆ, ಬ್ಯಾಟರಿಯ ಏರ್ ಪಂಪ್ ಪಕ್ಕದಲ್ಲೇ ಇರುತ್ತದೆ.

ಪ್ರಶ್ನೆ ಕೇಳಿದವರು: ಬಕೆಟ್ ಬದಲಾಯಿಸಿದೆ, ನಮ್ಮದೂ ತೋಟದ್ದೇ ಆಗಿತ್ತು. ತಂದ ದಿನದ ಫೋಟೊ ಫೋನಿನಲ್ಲಿ ಸಿಕ್ಕಿತು. ಆಗ ಬುಡದಿಂದ ಒಂದು ಬೆರಳು ದೂರ ಇದ್ದ ಚಿಪ್ಪು ಈಗ ಬುಡದಡಿ ಅರ್ಧ ಮುಚ್ಚಿಹೋಗಿದೆ.