ಬ್ಯಾಚ್ ಗುಂಪಿನಲ್ಲಿ ಒಂದು ಫಾರ್ವರ್ಡ್, ಒಂದು ಪ್ಲಸ್ ಚಿಹ್ನೆ

ಮಂಜುನಾಥ (ಫಾರ್ವರ್ಡ್): ಸರ್ವರ್‌ಲೆಸ್ ಫಂಕ್ಷನ್‌ಗಳನ್ನು (ಕರೆ ಬಂದಾಗ ಮಾತ್ರ ಕ್ಲೌಡ್‌ನಲ್ಲಿ ಓಡುವ ಸಣ್ಣ ಕೋಡ್‌ಗಳನ್ನು) ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ನೋಡುವುದು ಕಾಲಹರಣ. ಅಲ್ಲಿರುವುದು ಅಣಕು ಕ್ಲೌಡ್. ನೇರವಾಗಿ ಕ್ಲೌಡ್‌ಗೇ ಏರಿಸಿ ಪರೀಕ್ಷಿಸಿ.

ಮಂಜುನಾಥ: ನೂರಕ್ಕೆ ನೂರು ನಿಜ. ಡಾಕರ್ (ಕೋಡನ್ನು ಪ್ರತ್ಯೇಕ ಕಂಟೇನರ್‌ನಲ್ಲಿ ಓಡಿಸುವ ಸಾಧನ), ಎಮ್ಯುಲೇಟರ್ (ಅಣಕು ಕ್ಲೌಡ್) ಎಂದು ಎರಡು ದಿನ ಗುದ್ದಾಡುವುದಕ್ಕಿಂತ ಡಿಪ್ಲಾಯ್ ಮಾಡಿ, ಅಂದರೆ ಕ್ಲೌಡ್‌ಗೆ ಏರಿಸಿ, ನೋಡುವುದೇ ಮೇಲು.

ರೇಖಾ: ಮಂಜು, ನಾನು ಇದನ್ನು ಒಪ್ಪುವುದಿಲ್ಲ. ಒಂದು ಆವರಣ ಚಿಹ್ನೆ ಬಿಟ್ಟುಹೋದರೂ ಪ್ಯಾಕೇಜ್ ಕಟ್ಟಿ, ಏರಿಸಿ, ಲಾಗ್ ಬರುವವರೆಗೆ ಕಾಯುತ್ತಾ ಕೂರಬೇಕೇ? ಅಮೆಜಾನ್‌ನ ಸ್ಯಾಮ್ ಸಾಧನಕ್ಕೆ ‘ಸ್ಯಾಮ್ ಲೋಕಲ್ ಇನ್‌ವೋಕ್’ ಎಂದು ಕೊಟ್ಟರೆ ಅವರ ಸರ್ವರ್‌ಲೆಸ್ ಸೇವೆಯಾದ ಲ್ಯಾಂಬ್ಡಾದ ರನ್‌ಟೈಮನ್ನು ಹೋಲುವ ಕಂಟೇನರ್ ನಮ್ಮ ಯಂತ್ರದಲ್ಲೇ ಏಳುತ್ತದೆ. ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಕೋರ್ ಟೂಲ್ಸ್ 7071ನೇ ಪೋರ್ಟ್‌ನಲ್ಲಿ, ಗೂಗಲ್‌ನ ಫಂಕ್ಷನ್ಸ್ ಫ್ರೇಮ್‌ವರ್ಕ್ 8080ರಲ್ಲಿ ಇದೇ ಕೆಲಸ ಮಾಡುತ್ತವೆ. ಬ್ರೇಕ್‌ಪಾಯಿಂಟ್ ಇಟ್ಟು ಕೋಡನ್ನು ಬೇಕಾದಲ್ಲಿ ನಿಲ್ಲಿಸಿ ಸಾಲು ಸಾಲಾಗಿ ನೋಡಬಹುದು. ಆ ಸೌಕರ್ಯವನ್ನು ಕಾಲಹರಣ ಎನ್ನಬೇಡ.

ಮಂಜುನಾಥ: ಓಡುತ್ತದೆ, ಇಲ್ಲವೆನ್ನಲಿಲ್ಲ. ಆದರೆ ಕಳೆದ ತಿಂಗಳು ನಮ್ಮ ತಂಡದಲ್ಲಿ ಲೋಕಲ್‌ನಲ್ಲಿ ಎಲ್ಲ ಪರೀಕ್ಷೆಗಳೂ ಪಾಸಾದವು, ಮೇಲೇರಿಸಿದ ಕೂಡಲೇ ‘ಅನುಮತಿ ಇಲ್ಲ’ ಎಂದು ಬಿತ್ತು. ಇಡೀ ಸಂಜೆ ಹಾಳಾಯಿತು. ಅಂಥ ಪರೀಕ್ಷೆಯನ್ನು ನಾನು ಏಕೆ ನಂಬಬೇಕು?

ರೇಖಾ: ಲೋಕಲ್ ಪರೀಕ್ಷೆಗೆ ಕೇಳಬಾರದ ಪ್ರಶ್ನೆಯನ್ನು ನೀನು ಕೇಳಿದ್ದೀಯ. ಲೋಕಲ್‌ನಲ್ಲಿ ಓಡಿಸುವಾಗ ಆ ಕಂಟೇನರ್‌ಗೆ ಹೋಗುವುದು ನಿನ್ನದೇ ಖಾತೆಯ ಗುರುತು. ನಿನಗೆ ಎಲ್ಲ ಬಾಗಿಲೂ ತೆರೆದಿರುತ್ತವೆ. ಫಂಕ್ಷನ್‌ಗೆ ಕೊಟ್ಟ ರೋಲ್ (ಅದಕ್ಕಿರುವ ಅನುಮತಿಗಳ ಗುಂಪು) ಅಲ್ಲಿ ಚಿತ್ರದಲ್ಲೇ ಇರುವುದಿಲ್ಲ. ಅನುಮತಿ ಸರಿಯಿದೆಯೇ ಎಂಬುದನ್ನು ಕ್ಲೌಡ್‌ನಲ್ಲೇ ನೋಡಬೇಕು, ಅದಕ್ಕೆ ಬೇರೆ ದಾರಿ ಹುಡುಕುವುದು ಬೇಡ.

ಸೌಮ್ಯಾ: ನಾನು ಇದರಲ್ಲಿ ಪೆಟ್ಟು ತಿಂದವಳು, ಹೇಳಿಯೇಬಿಡುತ್ತೇನೆ. ಅಮೆಜಾನ್‌ನ ಕಡತ ಸಂಗ್ರಹ ಸೇವೆ ಎಸ್3ರ ಬಕೆಟ್‌ಗೆ ಚಿತ್ರ ಬಿದ್ದ ಕೂಡಲೇ ಅದನ್ನು ಚಿಕ್ಕದು ಮಾಡುವ ಫಂಕ್ಷನ್ ಬರೆದಿದ್ದೆ. ಪರೀಕ್ಷೆಗೆ ಬೇಕಾದ ಈವೆಂಟ್ ಜೇಸನ್ ಅನ್ನು (ಏನಾಯಿತು ಎಂದು ಫಂಕ್ಷನ್‌ಗೆ ತಿಳಿಸುವ ಮಾಹಿತಿಯನ್ನು) ನಾನೇ ಕೈಯಾರೆ ಟೈಪ್ ಮಾಡಿದ್ದೆ. ಕಡತದ ಹೆಸರಿನಲ್ಲಿ ‘ಮೊದಲ’, ‘ಪುಟ’ ಎಂಬ ಎರಡು ಪದಗಳು, ನಡುವೆ ಒಂದು ಖಾಲಿ ಜಾಗ. ಲೋಕಲ್‌ನಲ್ಲಿ ಚೆನ್ನಾಗಿ ಓಡಿತು. ಕ್ಲೌಡ್‌ನಲ್ಲಿ 403, ಅಂದರೆ ‘ಅನುಮತಿ ಇಲ್ಲ’, ಬಂತು. ಅನುಮತಿಯದೇ ತೊಂದರೆ ಎಂದು ರೋಲ್ ತಿದ್ದಿದೆ, ಮತ್ತೆ ತಿದ್ದಿದೆ, ಕೊಡಬಾರದ ಹಕ್ಕುಗಳನ್ನೂ ಕೊಟ್ಟು ನೋಡಿದೆ. ಕೊನೆಗೆ ಬಂದ ಈವೆಂಟನ್ನು ಹಾಗೆಯೇ ಲಾಗ್‌ಗೆ ಬರೆಸಿದಾಗ ಕಣ್ಣಿಗೆ ಬಿದ್ದದ್ದು ಒಂದು ಪ್ಲಸ್ ಚಿಹ್ನೆ. ಎಸ್3 ಈವೆಂಟ್‌ನಲ್ಲಿ ಕಡತದ ಹೆಸರು ಯುಆರ್‌ಎಲ್ ಸಂಕೇತಗಳಲ್ಲಿ ಬರುತ್ತದೆ: ಖಾಲಿ ಜಾಗ ಪ್ಲಸ್ ಆಗುತ್ತದೆ, ಕನ್ನಡ ಅಕ್ಷರಗಳು ಶೇಕಡಾ ಚಿಹ್ನೆಗಳ ಸಾಲಾಗುತ್ತವೆ. ಅದನ್ನು ಬಿಡಿಸದೆ, ಇಲ್ಲದ ಹೆಸರಿನ ಕಡತವನ್ನು ಕೇಳುತ್ತಿದ್ದೆ. ಬಕೆಟ್‌ನ ಪಟ್ಟಿ ನೋಡುವ ಹಕ್ಕು ರೋಲ್‌ಗೆ ಇರಲಿಲ್ಲ. ಹಾಗಿದ್ದಾಗ ‘ಕಡತ ಇಲ್ಲ’ ಎನ್ನುವ 404ರ ಬದಲು 403 ಬರುತ್ತದೆ. ಅದು ಹಾಗೆಯೇ ಇರಬೇಕಾದದ್ದು, ನನಗೆ ಗೊತ್ತಿರಲಿಲ್ಲ ಅಷ್ಟೇ. ಒಂದೇ ಸಾಲಿನ ತಿದ್ದುಪಡಿಗೆ ಒಂದು ದಿನ ಕಳೆದೆ.

ಮಂಜುನಾಥ: ನೋಡು ರೇಖಾ, ಸೌಮ್ಯಾಳೇ ನನ್ನ ಪರವಾಗಿ ಸಾಕ್ಷಿ ಹೇಳಿದಳು.

ರೇಖಾ: ಇಲ್ಲ ಮಂಜು. ಸುಳ್ಳಾಗಿದ್ದದ್ದು ಕೈಯಾರೆ ಬರೆದ ಮಾದರಿ, ಲೋಕಲ್ ಓಟವಲ್ಲ. ಕ್ಲೌಡ್‌ನಿಂದ ಬಂದ ನಿಜವಾದ ಈವೆಂಟನ್ನು ಒಂದು ಸಲ ಹಿಡಿದು ಕೋಡ್ ಇಡುವ ರೆಪೊದಲ್ಲಿ ಇಟ್ಟುಬಿಟ್ಟರೆ, ಆಮೇಲೆ ಆ ತಪ್ಪು ಮರುಕಳಿಸಿದ ಕ್ಷಣವೇ ಲೋಕಲ್‌ನಲ್ಲಿ ಸಿಕ್ಕಿಬೀಳುತ್ತದೆ. ಇನ್ನೊಂದು ಮಾತು. ಈವೆಂಟನ್ನು ಮೊದಲು ಪಡೆಯುವ ಕೋಡ್, ಅಂದರೆ ಹ್ಯಾಂಡ್ಲರ್, ತೆಳುವಾಗಿರಲಿ: ಈವೆಂಟ್ ಬಿಡಿಸುವುದು, ನಿಜವಾದ ಕೆಲಸ ಮಾಡುವ ಕೋಡನ್ನು ಕರೆಯುವುದು, ಉತ್ತರ ಕೊಡುವುದು, ಇಷ್ಟೇ. ಚಿತ್ರ ಚಿಕ್ಕದು ಮಾಡುವ ಕೋಡ್ ಬೇರೆ ಕಡತದಲ್ಲಿ ಕ್ಲೌಡ್‌ನ ಹೆಸರೇ ಗೊತ್ತಿಲ್ಲದಂತೆ ಇದ್ದರೆ, ಅದರ ಪರೀಕ್ಷೆಗೆ ಡಾಕರ್ ಕೂಡ ಬೇಡ. ನಿನ್ನ ಎರಡು ದಿನದ ಗುದ್ದಾಟ ಬಹುಪಾಲು ಅಲ್ಲೇ ಮುಗಿಯುತ್ತದೆ.

ಕಿರಣ್: ವೇಗವನ್ನು ಮಾತ್ರ ಲ್ಯಾಪ್‌ಟಾಪ್ ನೋಡಿ ಅಳೆಯಬೇಡಿ. ಲ್ಯಾಂಬ್ಡಾದಲ್ಲಿ ಸಿಪಿಯು ಪಾಲು ಮೆಮೊರಿಗೆ ತಕ್ಕಂತೆ ಸಿಗುತ್ತದೆ. 1,769 ಎಂಬಿಗೆ ಒಂದು ಪೂರ್ಣ ವಿಸಿಪಿಯು (ವರ್ಚುವಲ್ ಸಿಪಿಯು), ಕನಿಷ್ಠ 128 ಎಂಬಿಗೆ ಅದರ ಸಣ್ಣ ಚೂರು. ಕಾಲಮಿತಿಯನ್ನು ನಾವೇ ಬದಲಿಸದಿದ್ದರೆ 3 ಸೆಕೆಂಡ್.

ಸೌಮ್ಯಾ: ಮರುಪ್ರಯತ್ನವನ್ನೂ ಸೇರಿಸಿ. ಅಸಿಂಕ್ರೊನಸ್ ಕರೆ (ಕರೆದವರು ಉತ್ತರಕ್ಕೆ ಕಾಯದ ಕರೆ) ಸೋತರೆ ಲ್ಯಾಂಬ್ಡಾ ತಾನಾಗಿಯೇ ಇನ್ನೂ ಎರಡು ಸಲ ಓಡಿಸುತ್ತದೆ. ಲೋಕಲ್‌ನಲ್ಲಿ ಒಂದೇ ಸಲ.

ರೇಖಾ: ಅದಕ್ಕೂ ಲೋಕಲ್‌ನಲ್ಲೇ ಒಂದು ಪರೀಕ್ಷೆ ಬರೆಯಬಹುದು. ಅದೇ ಈವೆಂಟನ್ನು ಎರಡು ಸಲ ಕೊಟ್ಟು, ಫಲಿತಾಂಶ ಒಂದೇ ಇದೆಯೇ ಎಂದು ನೋಡಿದರಾಯಿತು.

ಮಂಜುನಾಥ: ಸರಿ, ನನ್ನ ಕೋಡ್‌ನ ತಪ್ಪು ಇಲ್ಲಿ, ಅನುಮತಿ ಮತ್ತು ವೇಗ ಅಲ್ಲಿ. ಹಾಗಾದರೂ ಪ್ರತಿಯೊಬ್ಬರಿಗೂ ಕ್ಲೌಡ್‌ನಲ್ಲಿ ಒಂದೊಂದು ಪ್ರತ್ಯೇಕ ಪರೀಕ್ಷಾ ಖಾತೆ ಇರಲೇಬೇಕು. ಇದನ್ನು ಮಾತ್ರ ನಾನು ಬಿಡುವುದಿಲ್ಲ.

ರೇಖಾ: ಬಿಡಬೇಡ. ಅದನ್ನು ನಾನೂ ಕೇಳುತ್ತಿದ್ದೇನೆ. ಒಂದೇ ಖಾತೆಯಲ್ಲಿ ಐದು ಜನ ಒಬ್ಬರ ಮೇಲೊಬ್ಬರು ಡಿಪ್ಲಾಯ್ ಮಾಡಿದರೆ ಯಾರ ಕೋಡ್ ಓಡುತ್ತಿದೆ ಎಂದೇ ತಿಳಿಯುವುದಿಲ್ಲ.

ಮಂಜುನಾಥ: ಸೌಮ್ಯಾ, ಆ ಪ್ಲಸ್ ಇರುವ ಈವೆಂಟ್ ಕಡತ ನಿನ್ನ ಬಳಿ ಇನ್ನೂ ಇದೆಯೇ?

ಸೌಮ್ಯಾ: ಇದೆ. ಬಕೆಟ್ ಹೆಸರು, ಐಪಿ ವಿಳಾಸ ಅಳಿಸಿ ಈಗಲೇ ಕಳುಹಿಸುತ್ತೇನೆ.