ಸಹಾಯ ಬೇಕು: ಹಳೆ ವಾಲ್ವ್ ಮಾರುವ ನಂಬಿಕಸ್ಥರು ಗೊತ್ತಿದ್ದರೆ ತಿಳಿಸಿ

ಎಲ್ಲರಿಗೂ ನಮಸ್ಕಾರ. ನನ್ನ ವಾಲ್ವ್ (ಒಳಗೆ ಗಾಳಿಯಿಲ್ಲದ ಗಾಜಿನ ಎಲೆಕ್ಟ್ರಾನಿಕ್ ನಳಿಕೆ) ಆಂಪ್ಲಿಫೈಯರ್‌ಗೆ ಎರಡು ಇಸಿಸಿ83, ಒಂದು ಜೊತೆ ಇಎಲ್84 ಮಾದರಿಯ ವಾಲ್ವ್‌ಗಳು ಬೇಕಾಗಿವೆ. ಇಸಿಸಿ83 ಬದಲು 12ಎಎಕ್ಸ್7 ಅಂತ ಬರೆದಿದ್ದರೂ ಸರಿ, ಎರಡೂ ಒಂದೇ. ಹೊಸದಾಗಿ ತಯಾರಾದವು ಸಿಗುತ್ತವೆ, ಆದರೆ ನನಗೆ 1960ರ ದಶಕದ ಮುಲ್ಲಾರ್ಡ್, ಟೆಲಿಫಂಕನ್ ಕಂಪನಿಗಳ ವಾಲ್ವ್‌ಗಳ ದನಿಯೇ ಇಷ್ಟ.

ತೊಂದರೆ ಏನಂದ್ರೆ, ಗಾಜಿನ ಮೇಲಿನ ಹೆಸರನ್ನು ನಂಬುವ ಹಾಗಿಲ್ಲ. ಹಳೆ ಅಚ್ಚು ಒರೆಸಿ ಬೇರೆ ಕಂಪನಿ ಹೆಸರು ಹಾಕುವುದು ಸುಲಭ. ಅದಕ್ಕೇ ನಾನು ಮೊದಲು ತಳದ ಫೋಟೊ ಕೇಳುತ್ತೇನೆ. ಟೆಲಿಫಂಕನ್ ಆದರೆ ಪಿನ್‌ಗಳ ನಡುವೆ ಗಾಜಿನಲ್ಲೇ ಮೂಡಿದ ವಜ್ರದಾಕಾರದ ಗುರುತು ನೋಡುತ್ತೇನೆ. ಮುಲ್ಲಾರ್ಡ್‌ನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯದಾದರೆ ಕೆಳಗಿನ ಗಾಜಿನ ಮೇಲಿನ ಕೋಡ್‌ನಲ್ಲಿ ‘ಬಿ’ ಅಕ್ಷರ ಇರುತ್ತದೆ. ಒಳಗಿನ ಬೆಳ್ಳಿ ಬಣ್ಣದ ಲೇಪ ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ಹೊಕ್ಕಿದೆ, ಆ ವಾಲ್ವ್ ಕಥೆ ಮುಗೀತು.

ಆದರೆ ಎಷ್ಟು ಸವೆದಿದೆ ಅನ್ನೋದು ಫೋಟೊದಲ್ಲಿ ಕಾಣಲ್ಲ ಅಲ್ವಾ? ಹಾಗಾಗಿ ವಾಲ್ವ್ ಪರೀಕ್ಷಿಸುವ ಯಂತ್ರದ (ಟೆಸ್ಟರ್) ರೀಡಿಂಗ್ ಕೊಡುವವರು ಬೇಕು. ಯಾವ ಟೆಸ್ಟರ್ ಅಂತಲೂ ಹೇಳಬೇಕು. ಇಸಿಸಿ83ಯ ಒಂದೇ ಗಾಜಿನೊಳಗಿರುವ ಎರಡೂ ಟ್ರಯೋಡ್‌ಗಳ (ಸಿಗ್ನಲ್ ಹಿಗ್ಗಿಸುವ ಭಾಗಗಳ) ರೀಡಿಂಗ್ ಬೇರೆ ಬೇರೆಯಾಗಿ ಬೇಕು. ಗುಂಯ್‌ಗುಟ್ಟಿದರೆ ವಾಪಸ್ ತೆಗೆದುಕೊಳ್ಳಬೇಕು. ಬೆಲೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ.

ಸುಮ್ನೆ ಕೇಳಿ ಗೊತ್ತಿರುವ ಹೆಸರು ಬೇಡ. ನೀವೇ ಕೊಂಡು ಬಳಸಿದ್ದರೆ ದಯವಿಟ್ಟು ತಿಳಿಸಿ, ಪ್ಯಾಕಿಂಗ್ ಹೇಗಿತ್ತು ಅಂತಲೂ ಬರೆಯಿರಿ.